ಮೂರು ಡಬ್ಬಿ ಕುಕ್ಕರ್: ಅನ್ನ ಮುದ್ದೆ, ಬೇಳೆ ಮಾತ್ರ ಗಟ್ಟಿ

ಸಂಜೆಅಡುಗೆ

ನಾಲ್ಕು ಜನಕ್ಕೆ ರಾತ್ರಿಯ ಅನ್ನ, ಸಾರಿಗೆ ಬೇಳೆ, ಪಲ್ಯಕ್ಕೆ ತರಕಾರಿ ಮೂರನ್ನೂ ಒಂದೇ ಸಲಕ್ಕೆ ಬೇಯಿಸಿಕೊಳ್ಳಬೇಕು. ಒಲೆ ಮುಂದೆ ನಿಂತ ಮೇಲೆ ಐವತ್ತು ನಿಮಿಷದೊಳಗೆ ಊಟಕ್ಕೆ ಕೂರುವಂತಾಗಬೇಕು. ಕುಕ್ಕರ್ 5 ಲೀಟರಿನ ಅಲ್ಯೂಮಿನಿಯಂದು, ಹೊರಮುಚ್ಚಳ, ಬಿಡಿ ವೇಯ್ಟ್. ಒಳಗೆ ಒಂದರ ಮೇಲೊಂದು ಕೂರುವ ಮೂರು ಡಬ್ಬಿ.

ಈಗಿನ ಕ್ರಮ ಹೀಗಿದೆ: ತಳಕ್ಕೆ ಒಂದು ಲೋಟ ನೀರು. ಕೆಳಗಿನ ಡಬ್ಬಿಯಲ್ಲಿ ನೆನೆಸಿದ ಸೋನಾ ಮಸೂರಿ, ಒಂದಕ್ಕೆ ಎರಡೂವರೆ ನೀರು. ನಡುವೆ ತೊಗರಿಬೇಳೆ, ನೆನೆಸಿಲ್ಲ. ಮೇಲೆ ಹೆಚ್ಚಿದ ಹುರುಳಿಕಾಯಿ, ಕ್ಯಾರೆಟ್. ವೇಯ್ಟ್ ಮೊದಲೇ ಹಾಕಿ ದೊಡ್ಡ ಉರಿಯಲ್ಲಿ ಐದು ಕೂಗು. ತೆರೆದಾಗ ಅನ್ನ ಮುದ್ದೆಯಾಗಿರುತ್ತದೆ. ಬೇಳೆ ನೋಡಲು ಬೆಂದಂತಿದ್ದರೂ ಸೌಟಿನಲ್ಲಿ ಒತ್ತಿದರೆ ಒಳಗೆ ಕಾಳುಕಾಳು. ಹುರುಳಿಕಾಯಿ ಬಣ್ಣಗೆಟ್ಟಿರುತ್ತದೆ. ಜೊತೆಗೆ ವೇಯ್ಟ್‌ನಿಂದ ಹಳದಿ ನೀರು ಚಿಮ್ಮಿ ಒಲೆಯೆಲ್ಲ ಕೊಳೆಯಾಗುತ್ತದೆ.

ಎಷ್ಟು ಕೂಗು ಸರಿ? ಡಬ್ಬಿಗಳ ಕ್ರಮ ಬದಲಿಸಬೇಕೇ? ನಮ್ಮದು ಬೋರ್‌ವೆಲ್ ನೀರು, ಬೇಳೆಗೆ ಅಡುಗೆ ಸೋಡಾ ಹಾಕಿದರೆ ತಪ್ಪೇ? ಕೆಲವು ದಿನ ಮುಚ್ಚಳದ ಅಂಚಿನಿಂದ ಆವಿ ಹೋಗುತ್ತದೆ, ಕೂಗೇ ಬರುವುದಿಲ್ಲ. ಅದಕ್ಕೂ ಕಾರಣ ತಿಳಿದವರು ಹೇಳಿ.

ಸಣ್ಣಉರಿ

ಮೊದಲು ಕೂಗಿನ ಲೆಕ್ಕ ಬಿಡಿ, ಗಡಿಯಾರ ಹಿಡಿಯಿರಿ. ಮಿಕ್ಕಿದ್ದೆಲ್ಲ ಅದರ ಹಿಂದೆ ಬರುತ್ತದೆ.

ಕೂಗು ಅಂದರೆ ಒಳಗಿನ ಒತ್ತಡ ವೇಯ್ಟ್‌ನ ಭಾರ ಮೀರಿದಾಗ ಹೆಚ್ಚಾದ ಆವಿ ಹೊರಹೋಗುವುದು, ಅಷ್ಟೇ. ಎಷ್ಟು ಬೇಗ ಬೇಗ ಕೂಗುತ್ತದೆ ಅನ್ನುವುದು ನಿಮ್ಮ ಉರಿಯ ಮೇಲೆ ನಿಂತಿದೆ, ಬೇಳೆ ಬೆಂದಿದೆಯೋ ಇಲ್ಲವೋ ಅನ್ನುವುದರ ಮೇಲಲ್ಲ. ದೊಡ್ಡ ಬರ್ನರ್‌ನಲ್ಲಿ ಐದು ಕೂಗು ನಾಲ್ಕೇ ನಿಮಿಷಕ್ಕೆ ಮುಗಿಯಬಹುದು. ಅದೇ ಐದು ಕೂಗಿಗೆ ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ ಹಿಡಿಯಬಹುದು. ಪಕ್ಕದ ಮನೆಯವರ ‘ಮೂರು ಕೂಗು’ ನಿಮ್ಮ ಮನೆಯಲ್ಲಿ ಕೈಕೊಡುವುದು ಇದಕ್ಕೇ.

ವೇಯ್ಟ್ ಒಮ್ಮೆ ಎದ್ದಿತು ಅಂದರೆ ಒಳಗಿನ ಶಾಖ ತನ್ನ ಮಿತಿ ಮುಟ್ಟಿದೆ. ಹೊರಗಿನ ಗಾಳಿಯ ಒತ್ತಡದ ಮೇಲೆ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋ ಒತ್ತಡ ಕಟ್ಟುವ ಕುಕ್ಕರ್‌ನಲ್ಲಿ ಕರಾವಳಿಯಲ್ಲಾದರೆ ಸುಮಾರು 120 ಡಿಗ್ರಿ ಇರುತ್ತದೆ. ಬೆಂಗಳೂರಿನ ಎತ್ತರದಲ್ಲಿ 118ರ ಆಸುಪಾಸು. ಬೆಂಗಳೂರಿನಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಗೇ ಕುದಿಯುವುದರಿಂದ ಬೇಳೆಗೆ ಕುಕ್ಕರ್‌ನಿಂದ ಸಿಗುವ ಲಾಭ ಅಲ್ಲಿ ಇನ್ನೂ ಹೆಚ್ಚು. ಆಮೇಲೆ ಉರಿ ಎಷ್ಟು ಹೆಚ್ಚಿಸಿದರೂ ಶಾಖ ಏರುವುದಿಲ್ಲ. ಗ್ಯಾಸ್ ಹೋಗುತ್ತದೆ, ತಳದ ನೀರು ಹೋಗುತ್ತದೆ, ಬೇಳೆಯ ನೊರೆ ಉಕ್ಕುತ್ತದೆ. ಆದ್ದರಿಂದ ಮೊದಲ ಕೂಗಿಗೇ ಉರಿ ಇಳಿಸಿ. ಮೂರು ನಾಲ್ಕು ನಿಮಿಷಕ್ಕೊಮ್ಮೆ ಕೂಗಿದರೆ ಅಥವಾ ವೇಯ್ಟ್ ಸುಮ್ಮನೆ ಸುಯ್ ಅನ್ನುತ್ತಿದ್ದರೆ ಉರಿ ಸರಿಯಾಗಿದೆ. ನಿಮಿಷದ ಲೆಕ್ಕ ಉರಿ ಇಳಿಸಿದ ಕ್ಷಣದಿಂದ.

ವೇಯ್ಟ್ ಮೊದಲೇ ಹಾಕುವುದು ನಿಮ್ಮ ಎರಡನೆಯ ತಪ್ಪು. ಮುಚ್ಚಿದಾಗ ಒಳಗೆ ಗಾಳಿ ತುಂಬಿರುತ್ತದೆ. ಗಾಳಿಯೂ ಆವಿಯೂ ಬೆರೆತು ಒತ್ತಡ ಕಟ್ಟಿದರೆ ವೇಯ್ಟ್ ಏಳುತ್ತದೆ, ಆದರೆ ಶಾಖ ಆ ಒತ್ತಡಕ್ಕೆ ತಕ್ಕಷ್ಟು ಇರುವುದಿಲ್ಲ. ಡಬ್ಬಿಗಳ ಸಂದಿಯಲ್ಲಿ ಸಿಕ್ಕಿಕೊಂಡ ಗಾಳಿ ಬೇಗ ಹೊರಗೂ ಹೋಗುವುದಿಲ್ಲ. ವೇಯ್ಟ್ ಕೂರುವ ನಳಿಕೆಯಿಂದ ಆವಿ ನೇರವಾಗಿ, ಎಡೆಬಿಡದೆ ಒಂದು ನಿಮಿಷ ಬರಲಿ, ಆಮೇಲೆ ವೇಯ್ಟ್ ಹಾಕಿ. ನಳಿಕೆ ಕಟ್ಟಿಕೊಂಡಿಲ್ಲ ಎಂಬುದೂ ಇದರಿಂದಲೇ ಖಾತ್ರಿಯಾಗುತ್ತದೆ.

ಈಗ ಡಬ್ಬಿಗಳು. ಹೆಚ್ಚು ಶಾಖ ಬೇಕಾದದ್ದು ಬೇಳೆಗೆ, ಆದ್ದರಿಂದ ಅದು ಕೆಳಗೆ. ಕೆಳಗಿನ ಡಬ್ಬಿ ಕುದಿಯುವ ನೀರಿನಲ್ಲೇ ಕೂತಿರುತ್ತದೆ, ಮೇಲಿನವಕ್ಕೆ ಆವಿಯ ಶಾಖ ಮಾತ್ರ. ನೀವು ಬೇಗ ಬೇಯುವ, ಅದರಲ್ಲೂ ನೆನೆದ ಅಕ್ಕಿಯನ್ನು ಕೆಳಗಿಟ್ಟು ತಣ್ಣೀರಿನ ಒಣಬೇಳೆಯನ್ನು ನಡುವೆ ಇಟ್ಟಿದ್ದೀರಿ. ಎರಡೂ ತಿರುವುಮುರುವು.

ನಾಲ್ಕು ಜನಕ್ಕೆ ಅಳತೆ ಹೇಳುತ್ತೇನೆ, ಲೋಟ ಅಂದರೆ 200 ಮಿಲಿ. ಮುಕ್ಕಾಲು ಲೋಟ ತೊಗರಿಬೇಳೆ ತೊಳೆದು ಎರಡು ಲೋಟ ಕುದಿನೀರು ಹಾಕಿ ಇಪ್ಪತ್ತು ನಿಮಿಷ ಬಿಡಿ. ಅದೇ ನೀರಿನಲ್ಲೇ, ಬಿಸಿ ಇರುವಾಗಲೇ, ಅರ್ಧ ಚಮಚ ಎಣ್ಣೆ ಹಾಕಿ ಕೆಳಗಿಡಿ. ಬೇಳೆಯ ಡಬ್ಬಿ ಅರ್ಧಕ್ಕಿಂತ ಹೆಚ್ಚು ತುಂಬಬಾರದು. ನಿಮ್ಮ ಒಲೆ ಮೇಲೆ ಬೀಳುವ ಹಳದಿ ನೀರು ಡಬ್ಬಿಯಿಂದ ಉಕ್ಕಿ ತಳಕ್ಕಿಳಿದು ದೊಡ್ಡ ಉರಿಗೆ ನೊರೆಯಾಗಿ ಏರಿದ್ದು. ನೊರೆ ತಡೆಯುವುದು ಎಣ್ಣೆ. ಅರಿಶಿನ ಬಣ್ಣಕ್ಕೆ ಮಾತ್ರ.

ಅಕ್ಕಿ ಒಂದೂವರೆ ಲೋಟ, ನೆನೆಸಬೇಡಿ, ತಣ್ಣೀರು ಮೂರು ಲೋಟ, ನಡುವಿನ ಡಬ್ಬಿ. ಹೊಸ ಅಕ್ಕಿಯಾದರೆ ಒಂದಕ್ಕೆ ಒಂದೂಮುಕ್ಕಾಲು ನೀರು ಸಾಕು. ಒಂದು ವರ್ಷ ಹಳತಾದ ಅಕ್ಕಿಗೆ ಎರಡೂಕಾಲು ಬೇಕಾಗುತ್ತದೆ. ಡಬ್ಬಿ ಒಂದೂಕಾಲು ಲೀಟರಿಗಿಂತ ಚಿಕ್ಕದಿದ್ದರೆ ಅಕ್ಕಿಯನ್ನು ಒಂದೂಕಾಲು ಲೋಟಕ್ಕೇ ನಿಲ್ಲಿಸಿ, ಇಲ್ಲದಿದ್ದರೆ ಗಂಜಿ ಉಕ್ಕಿ ಬೇಳೆಗೆ ಬೀಳುತ್ತದೆ. ಬೇಳೆ ಬಿಸಿಯಾಗಿ ಹೊರಟು, ಅಕ್ಕಿ ತಣ್ಣಗೆ ಹೊರಟರೆ ಎರಡೂ ಹೆಚ್ಚುಕಡಿಮೆ ಒಟ್ಟಿಗೆ ಮುಗಿಯುತ್ತವೆ.

ತಳಕ್ಕೆ ಎರಡು ಲೋಟ ನೀರು, ಕೆಳಗೊಂದು ತೂತಿನ ತಟ್ಟೆ. ಆವಿ ನೇರವಾಗಿ ಬರಲು ಎಂಟು ಹತ್ತು ನಿಮಿಷ, ಆಮೇಲೆ ವೇಯ್ಟ್, ಮೊದಲ ಕೂಗು, ಸಣ್ಣ ಉರಿಯಲ್ಲಿ 12 ನಿಮಿಷ, ಉರಿ ಆರಿಸಿ 10 ನಿಮಿಷ ಮುಟ್ಟಬೇಡಿ. ಆ ಹತ್ತು ನಿಮಿಷವೂ ಬೇಯುವ ಸಮಯವೇ. ಅಷ್ಟರಲ್ಲಿ ಹುಣಸೆ ಕಿವುಚಿ, ಸಾರಿನಪುಡಿ, ಟೊಮೆಟೊ, ಬೆಲ್ಲ ಕುದಿಸಿಟ್ಟುಕೊಂಡರೆ ಬೇಳೆ ಮಸೆದು ಸೇರಿಸುವುದಷ್ಟೇ ಬಾಕಿ.

ಆತುರಕ್ಕೆ ವೇಯ್ಟ್ ಎತ್ತಿದರೆ ಒತ್ತಡ ಒಮ್ಮೆಗೇ ಬಿದ್ದು, 118 ಡಿಗ್ರಿಯಲ್ಲಿದ್ದ ನೀರೆಲ್ಲ ಏಕಕಾಲಕ್ಕೆ ಕುದಿಯುತ್ತದೆ. ಬೇಳೆ ಉಕ್ಕುತ್ತದೆ, ಅನ್ನದ ಅಗುಳು ಒಡೆಯುತ್ತದೆ.

ಬಿಡಿಭಾಗ

ಅಂಚಿನ ಆವಿಯ ಬಗ್ಗೆ. ಗ್ಯಾಸ್ಕೆಟ್ ಎಂದು ತೀರ್ಮಾನಿಸುವ ಮೊದಲು ಪರೀಕ್ಷೆ ಮಾಡಿ. ಡಬ್ಬಿ ಯಾವುದೂ ಬೇಡ, ಎರಡು ಲೋಟ ನೀರು ಮಾತ್ರ ಹಾಕಿ ಮುಚ್ಚಿ, ದೊಡ್ಡ ಉರಿ. ಐದಾರು ನಿಮಿಷದಲ್ಲಿ ನಳಿಕೆಯಿಂದ ಜೋರಾಗಿ ಆವಿ ಬರಬೇಕು, ವೇಯ್ಟ್ ಹಾಕಿದ ಒಂದೆರಡು ನಿಮಿಷಕ್ಕೆ ಕೂಗಬೇಕು. ಹಾಗಾದರೆ ಕುಕ್ಕರ್ ಚೆನ್ನಾಗಿದೆ, ತಪ್ಪು ತುಂಬುವುದರಲ್ಲಿದೆ: ಡಬ್ಬಿಗಳ ರಾಶಿ ಮುಚ್ಚಳಕ್ಕೆ ತಾಗಿ ಎತ್ತುತ್ತಿರಬಹುದು. ಮೇಲಿನ ಡಬ್ಬಿಗೂ ಮುಚ್ಚಳಕ್ಕೂ ನಡುವೆ ಎರಡು ಬೆರಳು ಜಾಗ ಬೇಕು.

ಬರೀ ನೀರಿಗೂ ಅಂಚಿನಲ್ಲಿ ಸುತ್ತಲೂ ಆವಿ ಬಂದರೆ ಗ್ಯಾಸ್ಕೆಟ್ ಸಡಿಲವಾಗಿದೆ ಅಥವಾ ಗಟ್ಟಿಯಾಗಿದೆ. ತೆಗೆದು ಮಡಚಿ ನೋಡಿ. ಮಡಿಕೆಯಲ್ಲಿ ಸಣ್ಣ ಬಿರುಕು ಕಂಡರೆ ಬದಲಿಸಿ. ತಣ್ಣೀರಿನಲ್ಲಿ ಅಥವಾ ಫ್ರಿಜ್‌ನಲ್ಲಿ ಇಟ್ಟು ಬಿಗಿ ಮಾಡುವುದು ಆ ಹೊತ್ತಿನ ಉಪಾಯ, ಆ ಗ್ಯಾಸ್ಕೆಟ್‌ನ ಆಯುಷ್ಯ ಮುಗಿದಿದೆ ಎಂದೇ ಅರ್ಥ. ದಿನಾ ಎರಡು ಹೊತ್ತು ಬಳಸುವ ಮನೆಯಲ್ಲಿ ಆರು ತಿಂಗಳಿಂದ ಒಂದು ವರ್ಷ ಬಾಳಿಕೆ. ಒಂದೇ ಜಾಗದಲ್ಲಿ ಆವಿ ಬಂದರೆ ಅಲ್ಲಿ ಅಗುಳು ಅಂಟಿರಬಹುದು, ಪಾತ್ರೆಯ ಬಾಯಿ ನೆಗ್ಗಿರಬಹುದು. ಸೌಟನ್ನು ಕುಕ್ಕರ್ ಬಾಯಿಗೆ ಬಡಿದು ಕೊಡವುವ ಅಭ್ಯಾಸದಿಂದಲೇ ಹೆಚ್ಚಿನ ಬಾಯಿಗಳು ನೆಗ್ಗುತ್ತವೆ. ಹಿಡಿಯ ಹತ್ತಿರ ಮಾತ್ರ ಸೋರಿದರೆ ಹಿಡಿಯ ತಿರುಪು ಸಡಿಲವಾಗಿ ಮುಚ್ಚಳ ಪೂರ್ತಿ ತಿರುಗುತ್ತಿಲ್ಲ.

ಗ್ಯಾಸ್ಕೆಟ್ ಕೊಳ್ಳುವಾಗ ಲೀಟರ್ ಒಂದನ್ನೇ ಹೇಳಿದರೆ ಸಾಲದು. ಅದೇ 5 ಲೀಟರ್‌ಗೆ ಒಳಮುಚ್ಚಳದ ಗ್ಯಾಸ್ಕೆಟ್ ಬೇರೆ, ಹೊರಮುಚ್ಚಳದ್ದು ಬೇರೆ. ಮಾದರಿಯ ಹೆಸರು ಹೇಳಿ, ಅದೇ ತಯಾರಕರದ್ದನ್ನೇ ತನ್ನಿ. ಇದು ಬರೀ ಸೋರಿಕೆಯ ಮಾತಲ್ಲ. ಹಲವು ಹೊರಮುಚ್ಚಳಗಳ ಅಂಚಿನಲ್ಲಿ ಉದ್ದನೆಯ ಸೀಳು ಇರುತ್ತದೆ. ನಳಿಕೆ ಕಟ್ಟಿ ಒತ್ತಡ ಮಿತಿಮೀರಿದರೆ ಗ್ಯಾಸ್ಕೆಟ್ ಆ ಸೀಳಿನಿಂದ ಹೊರಕ್ಕೆ ಉಬ್ಬಿ ಆವಿಯನ್ನು ಬಿಡುತ್ತದೆ. ಗಟ್ಟಿಯಾದ ಅಥವಾ ಅಳತೆ ತಪ್ಪಿದ ರಬ್ಬರ್ ಆ ಹೊತ್ತಿನಲ್ಲಿ ಉಬ್ಬಲಿಕ್ಕಿಲ್ಲ. ಆ ಸೀಳು ನಿಮ್ಮ ಮುಖದ ಕಡೆಗಿಲ್ಲದಂತೆ ಕುಕ್ಕರ್ ಇಡಿ.

ಸೇಫ್ಟಿ ವಾಲ್ವ್ ಒಳಗೆ ಬೇಗ ಕರಗುವ ಲೋಹದ ಬಿಲ್ಲೆ ಇರುತ್ತದೆ. ತಳದ ನೀರು ಆರಿ ಬಿಸಿ ಏರಿದರೆ ಅದು ಕರಗಿ ದಾರಿ ಬಿಡುತ್ತದೆ. ಒಮ್ಮೆ ಹೋದ ವಾಲ್ವ್ ಮತ್ತೆ ಕೆಲಸಕ್ಕೆ ಬಾರದು. ಅದರ ತೂತಿಗೆ ಹಿಟ್ಟು ಮೆತ್ತುವುದು, ಎಂ-ಸೀಲ್ ತುಂಬುವುದು, ಬೋಲ್ಟ್ ಹಾಕಿ ಬಿಗಿಯುವುದು ಜೀವಕ್ಕೆ ಎರವು. ದಯವಿಟ್ಟು ಯಾರೂ ಮಾಡಬೇಡಿ, ಮಾಡಿದ ಕುಕ್ಕರ್ ಎಲ್ಲಾದರೂ ಕಂಡರೆ ಹೇಳಿ ನಿಲ್ಲಿಸಿ. ಹೊಸ ವಾಲ್ವ್ ಹಾಕುವ ಮೊದಲು ಹಳೆಯದು ಏಕೆ ಹೋಯಿತು ನೋಡಿ. ನೀರು ಕಡಿಮೆಯಾಗಿತ್ತೇ, ನಳಿಕೆ ಕಟ್ಟಿತ್ತೇ?

ನೀರಿನ ಗುರುತು ಒಂದಿದೆ. ಎರಡು ಲೋಟ ಹಾಕಿ 12 ನಿಮಿಷ ಸಣ್ಣ ಉರಿಯಲ್ಲಿಟ್ಟ ಕುಕ್ಕರ್ ತೆರೆದಾಗ ತಳದಲ್ಲಿ ಒಂದು ಲೋಟಕ್ಕೂ ಮೇಲೆ ನೀರಿರಬೇಕು. ಕಾಲು ಲೋಟವೂ ಇಲ್ಲವೆಂದರೆ ಉರಿ ದೊಡ್ಡದಿದೆ ಅಥವಾ ಎಲ್ಲೋ ಸೋರುತ್ತಿದೆ. ನೀರು ಪೂರ್ತಿ ಆರಿ ಸೀದ ವಾಸನೆ ಬಂದರೆ ಉರಿ ಆರಿಸಿ ಹಾಗೇ ಬಿಡಿ. ಕಾದ ಒಣ ತಳಕ್ಕೆ ತಣ್ಣೀರು ಸುರಿದರೆ ತಳ ಸೊಟ್ಟಗಾಗುತ್ತದೆ.

ನಳಿಕೆಯನ್ನು ದಿನವೂ ಬೆಳಕಿಗೆ ಹಿಡಿದು ನೋಡಿ. ಆರಪಾರ ಕಾಣದಿದ್ದರೆ ತೆಳುವಾದ ತಂತಿ ಆಡಿಸಿ. ನಿಮ್ಮ ಕುಕ್ಕರ್‌ನಲ್ಲಿ ಬೇಳೆ ಚಿಮ್ಮುತ್ತಿದೆ ಅಂದರೆ ವೇಯ್ಟ್‌ನ ಹೊಟ್ಟೆಯೊಳಗೂ ಬೇಳೆ ಒಣಗಿ ಕೂತಿರುತ್ತದೆ, ಬಿಸಿನೀರಿನಲ್ಲಿ ನೆನೆಸಿ ನಲ್ಲಿ ನೀರಿನ ರಭಸಕ್ಕೆ ಹಿಡಿಯಿರಿ.

ಹೊಸದು ಕೊಳ್ಳುವವರಿಗೊಂದು ಮಾತು: ಮನೆಬಳಕೆಯ ಕುಕ್ಕರ್‌ಗೆ ಐಎಸ್ 2347 ಪ್ರಕಾರದ ಐಎಸ್‌ಐ ಗುರುತು 2021ರ ಫೆಬ್ರವರಿ 1ರಿಂದ ಕಡ್ಡಾಯ. ಗುರುತಿಲ್ಲದ್ದು ಎಷ್ಟೇ ಅಗ್ಗವಿದ್ದರೂ ಬೇಡ.

ಕಾಳುಕಡ್ಡಿ

ಬೋರ್‌ವೆಲ್ ನೀರೇ ನಿಮ್ಮ ಬೇಳೆಯ ಅರ್ಧ ತೊಂದರೆ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಬೇಳೆಯ ಜೀವಕೋಶಗಳನ್ನು ಹಿಡಿದಿರುವ ಪೆಕ್ಟಿನ್‌ಗೆ ಅಂಟಿಕೊಂಡು ಅದು ಕರಗದಂತೆ ಬಿಗಿಯುತ್ತವೆ. ಆದ್ದರಿಂದ ಹೊರಗೆ ಬೆಂದು ನಡುವೆ ಕಾಳುಕಾಳು. ಎಲ್ಲ ಅಡುಗೆಗೂ ಕುಡಿಯುವ ನೀರು ಸುರಿಯಬೇಕಿಲ್ಲ. ಬೇಳೆ ನೆನೆಸಿ ಬೇಯಿಸುವ ಆ ಎರಡು ಲೋಟ ಮಾತ್ರ ಫಿಲ್ಟರ್‌ನದ್ದೋ ಕಾವೇರಿಯದ್ದೋ ಮಳೆಯದ್ದೋ ಇರಲಿ. ತಳಕ್ಕೆ ಬೋರ್‌ವೆಲ್ ಸಾಕು. ಬೇರೆ ನೀರೇ ಇಲ್ಲದಿದ್ದರೆ ಹತ್ತು ನಿಮಿಷ ಕುದಿಸಿ, ಬಿಳಿಯ ಗಸಿ ತಳ ಕಂಡ ಮೇಲೆ ಮೇಲಿನ ತಿಳಿ ಬಸಿದುಕೊಳ್ಳಿ. ಗಡಸುತನ ಪೂರ್ತಿ ಹೋಗುವುದಿಲ್ಲ, ಆದರೂ ವ್ಯತ್ಯಾಸ ಕಾಣುತ್ತದೆ.

ಸೋಡಾ ತಪ್ಪೇನಲ್ಲ, ಪ್ರಮಾಣ ಮುಖ್ಯ. ಒಂದು ಲೋಟ ಬೇಳೆಗೆ ಎರಡು ಬೆರಳ ತುದಿಯ ಚಿಟಿಕೆ, ಚಮಚದ ಎಂಟರಲ್ಲೊಂದು ಪಾಲು. ಮೀರಿದರೆ ಸಾರಿಗೆ ಸೋಪಿನ ರುಚಿ, ಜೊತೆಗೆ ಬಿ1 ಜೀವಸತ್ವವೂ ನಷ್ಟ. ನೀರು ಬದಲಿಸಿದ ಮೇಲೆ ಸೋಡಾ ಬೇಕಾಗುವುದೇ ಇಲ್ಲ ಎಂಬುದು ನನ್ನ ಅಭಿಪ್ರಾಯ.

ಹುಣಸೆ, ಟೊಮೆಟೊ, ಮಾವಿನಕಾಯಿ ಯಾವುದನ್ನೂ ಬೇಳೆಯೊಂದಿಗೆ ಕುಕ್ಕರ್‌ಗೆ ಹಾಕಬೇಡಿ. ಹುಳಿಯೂ ಪೆಕ್ಟಿನ್ನನ್ನು ಬಿಗಿಯುತ್ತದೆ. ಬಿಸಿಬೇಳೆಬಾತ್ ಮಾಡುವವರು ಇಲ್ಲೇ ಎಡವುತ್ತಾರೆ. ಒಂದು ಲೋಟ ಅಕ್ಕಿ, ಮುಕ್ಕಾಲು ಲೋಟ ತೊಗರಿಬೇಳೆ, ಆರು ಲೋಟ ನೀರು, ಒಂದು ಚಮಚ ಎಣ್ಣೆ ನೇರವಾಗಿ ಕುಕ್ಕರ್‌ಗೆ ಹಾಕಿ ಸಣ್ಣ ಉರಿಯಲ್ಲಿ 10 ನಿಮಿಷ. ತಾನೇ ಆರಿದ ಮೇಲೆ ತೆರೆದು, ಮಸೆದು, ಆಮೇಲೆ ಹುಣಸೆರಸ, ಪುಡಿ, ಉಪ್ಪು, ಬೆಂದ ತರಕಾರಿ. ಹುಣಸೆ ಮೊದಲೇ ಬಿದ್ದರೆ ಅರ್ಧ ಗಂಟೆ ಇಟ್ಟರೂ ಬೇಳೆ ಕಣ್ಣು ಬಿಟ್ಟುಕೊಂಡೇ ಇರುತ್ತದೆ. ನೇರವಾಗಿ ಬೇಯಿಸುವಾಗ ಕುಕ್ಕರ್ ಅರ್ಧ ಮೀರಬಾರದು. ಈ ಅಳತೆ 5 ಲೀಟರಿನಲ್ಲಿ ಆರಾಮವಾಗಿ ಹಿಡಿಯುತ್ತದೆ.

ಉಪ್ಪು ಮೊದಲೇ ಹಾಕಿದರೆ ಕಾಳು ಬೇಯುವುದಿಲ್ಲ ಅನ್ನುವ ಮಾತು ಸರಿಯಲ್ಲ. ನೆನೆಸುವ ಒಂದು ಲೀಟರ್ ನೀರಿಗೆ ಒಂದೂವರೆ ಚಮಚ ಉಪ್ಪು ಹಾಕಿ ನೋಡಿ, ಕಡಲೆ ಅಲಸಂದೆಗಳ ಸಿಪ್ಪೆ ಇನ್ನೂ ಮೆತ್ತಗಾಗುತ್ತದೆ. ಉಪ್ಪಿನ ಸೋಡಿಯಂ ಸಿಪ್ಪೆಯಲ್ಲಿರುವ ಕ್ಯಾಲ್ಸಿಯಂನ ಜಾಗ ಹಿಡಿಯುತ್ತದೆ.

ನೇರವಾಗಿ ಕುಕ್ಕರ್‌ನಲ್ಲಿ, ಮೊದಲ ಕೂಗಿನ ನಂತರ ಸಣ್ಣ ಉರಿಯ ನಿಮಿಷಗಳು ಹೀಗೆ. ಅರ್ಧ ಗಂಟೆ ನೆನೆದ ತೊಗರಿಬೇಳೆ 6. ಹೆಸರುಬೇಳೆ ನೆನೆಸದೆ 3. ನಾಲ್ಕು ಗಂಟೆ ನೆನೆದ ಹೆಸರುಕಾಳು 5, ಅಲಸಂದೆ 8. ರಾತ್ರಿಯಿಡೀ ನೆನೆದ ಕಡಲೆಕಾಳು 18ರಿಂದ 20, ಹುರುಳಿಕಾಳು 20ರಿಂದ 25, ರಾಜ್ಮಾ 20. ಹಸಿ ಅವರೆಕಾಳಿಗೆ 3 ಸಾಕು, ಹಿತಕಿದ ಅವರೆಗೆ ಕುಕ್ಕರೇ ಬೇಡ. ಡಬ್ಬಿಯಲ್ಲಿಟ್ಟರೆ ಈ ಎಲ್ಲಕ್ಕೂ ಐದಾರು ನಿಮಿಷ ಸೇರಿಸಿ, ಏಕೆಂದರೆ ಡಬ್ಬಿಯೊಳಗಿನ ನೀರು ಕಾಯಲು ಸಮಯ ಹಿಡಿಯುತ್ತದೆ.

ಒಂದು ವರ್ಷ ಮೀರಿ, ಸೆಕೆಯಲ್ಲಿ ಇಟ್ಟ ಬೇಳೆ ಎಷ್ಟು ಮಾಡಿದರೂ ಕರಗುವುದಿಲ್ಲ. ಮೂರು ತಿಂಗಳಿಗೆ ಬೇಕಾದಷ್ಟೇ ತಂದು ಬಿಗಿ ಡಬ್ಬಿಯಲ್ಲಿ ತಂಪಾದ ಕಡೆ ಇಡಿ.

ಸಂಜೆಅಡುಗೆ

ವಿವರಕ್ಕೆ ಎಲ್ಲರಿಗೂ ಧನ್ಯವಾದ. ತರಕಾರಿ ಉಳಿಯಿತು. 12 ನಿಮಿಷಕ್ಕೆ ಹುರುಳಿಕಾಯಿ ಏನಾಗಬಹುದು ಎಂದು ಈಗಲೇ ಗೊತ್ತಾಗುತ್ತಿದೆ. ಇನ್ನೊಂದು, ಅಲ್ಯೂಮಿನಿಯಂ ತಳ ಒಳಗೆ ಕಪ್ಪಾಗುತ್ತದೆ. ಇಂಡಕ್ಷನ್ ಮೇಲೆ ಇಡಬಹುದೇ ಎಂಬುದನ್ನೂ ಹೇಳಿ.

ಬಸ್ಸಾರುಪಲ್ಯ

ಮೂರನೆಯ ಡಬ್ಬಿಗೆ 12 ನಿಮಿಷ ತಡೆಯುವಂಥದ್ದು ಮಾತ್ರ. ಆಲೂಗಡ್ಡೆ ಸಿಪ್ಪೆ ಸಮೇತ ಎರಡು ಹೋಳು, ಬೀಟ್‌ರೂಟ್ ನಾಲ್ಕು ಹೋಳು, ಸುವರ್ಣಗೆಡ್ಡೆ ದಪ್ಪ ಹೋಳು, ಹಲಸಿನ ಬೀಜ, ಹಸಿ ಶೇಂಗಾ. ನೀರು ಹಾಕಬೇಡಿ, ಆವಿಯೇ ಸಾಕು. ಹುರುಳಿಕಾಯಿ, ಕ್ಯಾರೆಟ್, ಸೋರೆ, ಹೀರೆ, ಬದನೆ, ಬೆಂಡೆ, ಸೊಪ್ಪು ಇವಕ್ಕೆ ಆ ಡಬ್ಬಿ ಅಲ್ಲ. ಸೋರೆ, ಹೀರೆಯನ್ನು ಸಾರು ಕುದಿಯುವಾಗಲೇ ಹಾಕಿದರೆ ಆರು ನಿಮಿಷಕ್ಕೆ ಬೇಯುತ್ತವೆ. ಹುರುಳಿಕಾಯಿಯನ್ನು ಪಕ್ಕದ ಒಲೆಯಲ್ಲಿ ಬಾಣಲೆಗೆ ಹಾಕಿ, ಕಾಲು ಲೋಟ ನೀರು ಚಿಮುಕಿಸಿ ಏಳೆಂಟು ನಿಮಿಷ. ಮೊದಲ ಎರಡು ನಿಮಿಷ ಮುಚ್ಚಬೇಡಿ. ತರಕಾರಿಯೊಳಗಿನ ಹುಳಿ ಆವಿಯೊಡನೆ ಹೊರಹೋಗದೆ ಮುಚ್ಚಿದ ಪಾತ್ರೆಯಲ್ಲೇ ಉಳಿದರೆ ಹಸಿರು ಮಂಕಾಗುತ್ತದೆ. ಕುಕ್ಕರ್‌ನಲ್ಲಿ ಬಣ್ಣ ಕೆಡುವುದೂ ಅದಕ್ಕೇ.

ಬಸ್ಸಾರಿಗೆ ಕುಕ್ಕರ್ ಬಳಸುವವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಬಹಳ ಜನ ಬೇಳೆ ಕರಗಿಸಿಬಿಡುತ್ತಾರೆ. ಬಸ್ಸಾರಿನ ಬೇಳೆ ಪಲ್ಯದಲ್ಲಿ ಬಿಡಿಬಿಡಿಯಾಗಿ ನಿಲ್ಲಬೇಕು, ಕಟ್ಟು ತಿಳಿಯಾಗಿ ಬಸಿಯಬೇಕು. ಅರ್ಧ ಲೋಟ ತೊಗರಿಬೇಳೆ ಅರ್ಧ ಗಂಟೆ ನೆನೆಸಿ, ನಾಲ್ಕು ಲೋಟ ನೀರು, ಎರಡು ಹನಿ ಎಣ್ಣೆ, ನೇರವಾಗಿ ಕುಕ್ಕರ್‌ಗೆ. ಮೊದಲ ಕೂಗಿನ ಮೇಲೆ ಸಣ್ಣ ಉರಿಯಲ್ಲಿ ಎರಡೇ ನಿಮಿಷ. ಆರಿಸಿ ಐದು ನಿಮಿಷ ಬಿಟ್ಟು, ಉಳಿದ ಆವಿಯನ್ನು ವೇಯ್ಟ್ ತುಸು ತುಸು ಎತ್ತಿ ಬಿಡಿ. ಬೇಳೆ ಬೆರಳಲ್ಲಿ ಹಿಸುಕಿದರೆ ಮುರಿಯಬೇಕು, ಹಾಗೇ ಬಿಟ್ಟರೆ ಆಕಾರ ಉಳಿಯಬೇಕು. ಈಗ ಮುಚ್ಚಳ ಬದಿಗಿಟ್ಟು ಹೆಚ್ಚಿದ ಹುರುಳಿಕಾಯಿ ಅಥವಾ ದಂಟಿನ ಸೊಪ್ಪು, ಸಬ್ಬಸಿಗೆ, ಉಪ್ಪು ಹಾಕಿ ತೆರೆದೇ ಕುದಿಸಿ. ಸೊಪ್ಪಿಗೆ ಐದು ನಿಮಿಷ, ಹುರುಳಿಕಾಯಿಗೆ ಎಂಟು. ಬಸಿಯಿರಿ. ಬಸಿದ ಕಟ್ಟಿಗೆ ಈರುಳ್ಳಿ, ಬೆಳ್ಳುಳ್ಳಿ, ಕಾಯಿ, ಮೆಣಸು, ಜೀರಿಗೆ, ಹುಣಸೆಯ ಜೊತೆ ಬೆಂದ ಬೇಳೆಸೊಪ್ಪು ಒಂದು ಸೌಟು ಸೇರಿಸಿ ರುಬ್ಬಿದ ಮಸಾಲೆ. ಮಿಕ್ಕಿದ್ದಕ್ಕೆ ಒಗ್ಗರಣೆ ಕೊಟ್ಟರೆ ಪಲ್ಯ. ಸಾರು, ಪಲ್ಯ ಎರಡೂ ಒಂದೇ ಪಾತ್ರೆಯಿಂದ ಬರುವುದರಿಂದ ನಿಮ್ಮ ಐವತ್ತು ನಿಮಿಷಕ್ಕೆ ಇದಕ್ಕಿಂತ ಒಪ್ಪುವ ಅಡುಗೆ ಇಲ್ಲ.

ತಳ ಕಪ್ಪಾಗುವುದು ನೀರಿನ ಕ್ಷಾರಕ್ಕೆ. ಹಿಂಡಿದ ನಿಂಬೆ ಸಿಪ್ಪೆ ಅಥವಾ ಅಡಿಕೆ ಗಾತ್ರದ ಹುಣಸೆಯನ್ನು ತಳದ ನೀರಿಗೆ ಹಾಕಿ. ಡಬ್ಬಿಯೊಳಗಿನ ಬೇಳೆಗೆ ಅದು ತಾಗುವುದಿಲ್ಲ, ಕಪ್ಪೂ ಹಿಡಿಯುವುದಿಲ್ಲ.

ಬಿಡಿಭಾಗ

ಬಸ್ಸಾರುಪಲ್ಯ ಅವರು ವೇಯ್ಟ್ ಎತ್ತುವ ಮಾತು ಹೇಳಿದ್ದಾರೆ, ಅದಕ್ಕೆ ಎರಡು ಎಚ್ಚರಿಕೆ. ಐದು ನಿಮಿಷ ಬಿಟ್ಟ ಮೇಲೆಯೇ ಎತ್ತಬೇಕು, ಚಮಚದ ಹಿಡಿಯಿಂದ ಓರೆಯಾಗಿ, ಕೈ ಮುಖ ಎರಡೂ ದೂರ. ನಳಿಕೆಯಿಂದ ಆವಿಯ ಬದಲು ನೊರೆ ಬಂದರೆ ತಕ್ಷಣ ಬಿಟ್ಟು ಮತ್ತೆರಡು ನಿಮಿಷ ಕಾಯಿರಿ. ವೇಯ್ಟ್ ಎತ್ತಿದಾಗ ಶಬ್ದವೇ ಇಲ್ಲದಿದ್ದರೆ ಮಾತ್ರ ಮುಚ್ಚಳ ತಿರುಗಿಸಿ. ತಿರುಗಲು ಬಿಗಿಯಾಗಿದ್ದರೆ ಒಳಗೆ ಇನ್ನೂ ಒತ್ತಡವಿದೆ ಎಂದು ತಿಳಿಯಿರಿ, ಬಲ ಹಾಕಬೇಡಿ. ಸಬ್ಬಕ್ಕಿ, ಶಾವಿಗೆ, ಹಾಲಿನ ಪಾಯಸ, ಸೋಡಾ ಹೆಚ್ಚಿರುವ ಯಾವುದನ್ನೂ ನೇರವಾಗಿ ಕುಕ್ಕರ್‌ನಲ್ಲಿ ಮುಚ್ಚಿ ಬೇಯಿಸಬೇಡಿ. ಅವು ಉಬ್ಬಿ ನಳಿಕೆ ಮುಚ್ಚುತ್ತವೆ.

ಇಂಡಕ್ಷನ್: ಬರೀ ಅಲ್ಯೂಮಿನಿಯಂ ತಳ ಅದರ ಮೇಲೆ ಕಾಯುವುದಿಲ್ಲ. ಅಯಸ್ಕಾಂತ ಅಂಟುವ ಉಕ್ಕಿನ ತಳ ಬೇಕು, ತಳ ಚಪ್ಪಟೆಯಾಗಿರಬೇಕು. ಅಂಥ ಕುಕ್ಕರ್ ಇದ್ದರೆ ಮೊದಲ ಕೂಗಿನವರೆಗೆ 1200 ವಾಟ್, ಆಮೇಲೆ 400. ಕಡಿಮೆ ವಾಟ್‌ನಲ್ಲಿ ಒಲೆ ಬಿಟ್ಟು ಬಿಟ್ಟು ಕಾಯಿಸುವುದರಿಂದ ವೇಯ್ಟ್ ಸುಮ್ಮನಾಗಿ ಮತ್ತೆ ಸುಯ್ ಅನ್ನುತ್ತದೆ, ಅದು ದೋಷವಲ್ಲ. ಪೂರ್ತಿ ಸುಮ್ಮನಾದರೆ 500ಕ್ಕೆ ಏರಿಸಿ. ‘ಪ್ರೆಷರ್ ಕುಕ್’ ಗುಂಡಿ ಒತ್ತಿ ಬಿಟ್ಟುಬಿಡುವುದು ಬೇಡ, ಅದರ ಶಾಖ ಸಣ್ಣ ಕುಕ್ಕರ್‌ಗೆ ಹೆಚ್ಚಾಗುತ್ತದೆ.

ದೂರದೂರು

ಅಮೆರಿಕದಲ್ಲಿ ಇನ್‌ಸ್ಟಂಟ್ ಪಾಟ್ ಎಂಬ ವಿದ್ಯುತ್ ಕುಕ್ಕರ್ ಬಳಸುವವರೂ ಇದನ್ನು ಓದುತ್ತಿರಬಹುದು, ಅವರಿಗಾಗಿ. ಅದರ ಒತ್ತಡ ನಮ್ಮ ಒಲೆಯ ಕುಕ್ಕರ್‌ಗಿಂತ ಕಡಿಮೆ, ಚದರ ಸೆಂಟಿಮೀಟರಿಗೆ ಸುಮಾರು 0.7ರಿಂದ 0.8 ಕಿಲೋ. ಶಾಖ ಸುಮಾರು 116 ಡಿಗ್ರಿ. ಮೇಲೆ ಕೊಟ್ಟ ನಿಮಿಷಗಳನ್ನು ಹಾಗೇ ಹಾಕಿದರೆ ಕಡಲೆ ಅರೆಬೆಂದಿರುತ್ತದೆ, ಅಂಥ ಕಾಳುಗಳಿಗೆ ಕಾಲು ಭಾಗ ಹೆಚ್ಚಿಸಿ. ಡೆನ್ವರ್‌ನಂಥ ಎತ್ತರದ ಊರಿನಲ್ಲಿ ಇನ್ನೂ ಸ್ವಲ್ಪ ಹೆಚ್ಚು, ಅಲ್ಲಿ ತೆರೆದ ನೀರು 95 ಡಿಗ್ರಿಗೇ ಕುದಿಯುತ್ತದೆ.

ಅನ್ನ, ಬೇಳೆ ಒಟ್ಟಿಗಾದರೆ ಒಳಪಾತ್ರೆಗೆ ಒಂದೂವರೆ ಕಪ್ ನೀರು, ಸ್ಟ್ಯಾಂಡ್, ಕೆಳಗೆ ಕುದಿನೀರಿನಲ್ಲಿ ನೆನೆದ ಬೇಳೆ, ಮೇಲೆ ಅಕ್ಕಿ. ಹೆಚ್ಚು ಒತ್ತಡದಲ್ಲಿ 12 ನಿಮಿಷ, ತಾನಾಗಿ ಇಳಿಯಲು 10. ಬಿಸಿಬೇಳೆಬಾತ್‌ಗೆ ಮಸಾಲೆ ಹುರಿದು ನೀರು ಹಾಕಿದ ಮೇಲೆ ತಳವನ್ನು ಮರದ ಸೌಟಿನಲ್ಲಿ ಕೆರೆದು ಬಿಡಿಸಿ, ಅಂಟಿದ್ದು ಉಳಿದರೆ ‘ಬರ್ನ್’ ಎಂದು ತೋರಿಸಿ ನಿಲ್ಲುತ್ತದೆ. ಸಿಲಿಕೋನ್ ಉಂಗುರ ಇಂಗು, ಬೆಳ್ಳುಳ್ಳಿಯ ವಾಸನೆ ಹೀರಿಕೊಳ್ಳುತ್ತದೆ. ಸಾರಿಗೊಂದು, ಪಾಯಸ ಮೊಸರಿಗೊಂದು ಬೇರೆ ಉಂಗುರ ಇಟ್ಟುಕೊಳ್ಳಿ. ಅದೇ ಉಪಕರಣದ ‘ಸ್ಲೋ ಕುಕ್’ ಕ್ರಮದಲ್ಲಿ ಹಸಿ ರಾಜ್ಮಾ ಎಂದೂ ಬೇಯಿಸಬೇಡಿ. ಅದರಲ್ಲಿರುವ ಲೆಕ್ಟಿನ್ ವಿಷ ಚೆನ್ನಾಗಿ ಕುದಿದರೆ ಮಾತ್ರ ನಾಶವಾಗುತ್ತದೆ, ಆ ಕ್ರಮದಲ್ಲಿ ಅಷ್ಟು ಶಾಖ ಏರದೇ ಇರಬಹುದು.

ಸಂಜೆಅಡುಗೆ

ಭಾನುವಾರ ಎಂಟು ಜನಕ್ಕಾದರೆ ಎಲ್ಲವನ್ನೂ ಎರಡರಷ್ಟು ಮಾಡಿ 24 ನಿಮಿಷ ಇಡಬೇಕೇ?

ಸಣ್ಣಉರಿ

ಇಲ್ಲ. ಪ್ರಮಾಣ ಹೆಚ್ಚಾದರೆ ಕಾಯುವ ಸಮಯ ಹೆಚ್ಚುತ್ತದೆ, ಒತ್ತಡ ಬಂದ ಮೇಲಿನ ಸಮಯ ಅದೇ. ದೊಡ್ಡ ಡಬ್ಬಿಯ ನಡುವಿಗೆ ಶಾಖ ಹೋಗಲು ಮೂರು ನಿಮಿಷ ಸೇರಿಸಿ 15 ಮಾಡಿ, ತಳದ ನೀರು ಎರಡೂವರೆ ಲೋಟ. ಆದರೆ ನಿಮ್ಮ 5 ಲೀಟರಿನಲ್ಲಿ ಎಂಟು ಜನರ ಅನ್ನ, ಬೇಳೆ ಒಟ್ಟಿಗೆ ಹಿಡಿಯುವುದಿಲ್ಲ. ಬೇಳೆ ಒಂದನ್ನೇ ನೇರವಾಗಿ ಕುಕ್ಕರ್‌ನಲ್ಲಿ ಮಾಡಿ: ಒಂದೂವರೆ ಲೋಟ ಬೇಳೆ ಅರ್ಧ ಗಂಟೆ ನೆನೆಸಿ, ನಾಲ್ಕೂವರೆ ಲೋಟ ನೀರು, 6 ನಿಮಿಷ. ಅನ್ನಕ್ಕೆ ಪಕ್ಕದ ಒಲೆಯಲ್ಲಿ ದಪ್ಪ ತಳದ ಪಾತ್ರೆ ಇಡಿ.